ಖಾಲಿ ತೊಟ್ಟಿಲು ತೂಗಿದವನು

ಆ ಕಲಾವಿದನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಜೇವರ್ಗಿ ಕಡೆಯವನಂತೆ, ಎಲ್ಲೋ ದೊಡ್ಡ ಊರಲ್ಲಿ ಕಲೆ ಓದಿ ಬಂದವನಂತೆ. ಓದಲಿ, ಬೇಡ ಅಂದವರು ಯಾರು? ನಮ್ಮ ಓಣಿಯ ತೊಟ್ಟಿಲಿಗೆ ಕೈ ಹಾಕುವ ದರ್ದು ಅವನಿಗೆ ಏನಿತ್ತು?

ಆಳಂದದ ನಮ್ಮ ಓಣಿಯಲ್ಲಿ ಒಂದು ಸಾಗವಾನಿ ತೊಟ್ಟಿಲಿತ್ತು. ಅದು ಯಾರದೆಂದು ಕೇಳಿದರೆ ಯಾರೂ ಹೇಳಲಾರರು. ಯಾವ ಮನೆಯಲ್ಲಿ ಕೂಸಿದೆಯೋ ಆ ಮನೆಯಲ್ಲಿ ಇರುತ್ತಿತ್ತು. ಆ ಕೂಸು ಎದ್ದು ಓಡಾಡತೊಡಗಿದ ಮೇಲೂ, ಮುಂದಿನ ಬಸುರಿಯ ಮನೆಯವರು ಬಂದು ಒಯ್ಯುವ ತನಕ ಅಲ್ಲೇ. ಲಿಂಗಾಯತರ ಮನೆಯಿಂದ ಮುಸಲ್ಮಾನರ ಮನೆಗೆ, ಅಲ್ಲಿಂದ ಮತ್ತೆ ನಮ್ಮವರ ಕಡೆಗೆ ಹೀಗೇ ತಿರುಗುತ್ತಿತ್ತು. ನನ್ನ ಗಂಡ ಮಲಗಿ ಬೆಳೆದದ್ದೂ ಅದರಲ್ಲೇ. ಖಾಲಿ ತೊಟ್ಟಿಲು ತೂಗಬಾರದು, ಮುಂದೆ ಅದರಲ್ಲಿ ಮಲಗುವ ಕೂಸಿಗೆ ಕೇಡು ಎಂಬುದೊಂದು ಕಟ್ಟಳೆ. ಹುಡುಗರು ಆಟಕ್ಕೆ ತೂಗಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಹಾಗೆಯೇ ತೊಟ್ಟಿಲು ಕೇಳಲು ಬಂದವರನ್ನು "ಯಾರಿಗೆ?" ಎಂದು ಕೇಳುವಂತಿರಲಿಲ್ಲ. ಹುಟ್ಟುವ ಮೊದಲೇ ಕೂಸಿನ ಮಾತು ಬಾಯಿಗೆ ಬಂದರೆ ದೃಷ್ಟಿಯಾಗುತ್ತದೆ ಎಂದು. ಕೊಡುವವರು ಸುಮ್ಮನೆ ಒಳಗೊಂದು ಪುಟ್ಟ ಕೌದಿ ಹಾಸಿ, ಒಂದು ಹಿಡಿ ಸಕ್ಕರೆ ಇಟ್ಟು ಕಳಿಸುತ್ತಿದ್ದರು.

ನಾನು ನರೋಣಾದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ದೃಷ್ಟಿ ಗಿಷ್ಟಿ ನಂಬುವವಳಲ್ಲ. ಆದರೆ ಬಸಿರು ನಿಲ್ಲದೆ ಮತ್ತೆ ಮತ್ತೆ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದವಳು. ಈ ಸಲ ಏಳು ತುಂಬಿತ್ತು. ತವರಿನಲ್ಲಿ ನೋಡಿಕೊಳ್ಳುವವರು ಇರಲಿಲ್ಲ, ಬಾಣಂತನ ಅತ್ತೆಯ ಮನೆಯಲ್ಲೇ ಎಂದಾಗಿತ್ತು. ಅತ್ತೆ ಆಗ ಧೈರ್ಯ ಮಾಡಿ, ತೊಟ್ಟಿಲು ಕೇಳಿ ಬರುತ್ತೇನೆಂದು ಓಣಿಯ ತುದಿಯ ಖಾಲಾನ ಮನೆಗೆ ಹೋದರು. ಖಾಲಾ ಎಂದರೆ ಚಿಕ್ಕಮ್ಮ, ಅವರು ಇಡೀ ಓಣಿಗೇ ಖಾಲಾ. ಕಡೆಯದಾಗಿ ತೊಟ್ಟಿಲು ಆಡಿದ್ದು ಅವರ ಮೊಮ್ಮಗನ ಕಾಲಕ್ಕೆ.

ಅತ್ತೆ ಬರಿಗೈಲಿ ಬಂದರು. ಹಿಂದೆಯೇ ಖಾಲಾನೂ ಬಂದರು.

"ಝೂಲಾ ಹೋಗ್ಯದ ಬೇಟಿ. ಜೇವರ್ಗಿಯಿಂದ ಒಬ್ಬಾಂವ ಟಂಟಂ ಗಾಡಿ ತಗೊಂಡು ಬಂದಿದ್ದ. ತೊಟ್ಟಿಲಾ ಕೊಡ್ತೀರೇನ್ರಿ ಅಂದ. ಯಾರಿಗಿ ಅಂತ ಹ್ಯಾಂಗ ಕೇಳಲಿ? ಪಾಪ, ಮನ್ಯಾಗ ಬಸರಿ ಇರಬೇಕು ಅಂತ ಸಕ್ರಿ ಇಟ್ಟು ಕೊಟ್ಟೆ."

"ಹೋಗ್ಲಿ ಬಿಡ್ರಿ," ಅಂದರು ಅತ್ತೆ. "ಅವರದೂ ಕೂಸಽ ಅಲ್ಲೇನು?"

ಆ ಕಾಣದ ಬಸುರಿಗೆ ಸುಸೂತ್ರವಾಗಲಿ ಎಂದು ನಾನೂ ಮನಸ್ಸಿನಲ್ಲಿ ಹಾರೈಸಿದೆ. ಥೂ, ಈಗ ನೆನೆದರೆ ಮೈ ಉರಿಯುತ್ತದೆ.

ಕೆಲವು ದಿನಗಳಲ್ಲೇ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಅಫಜಲಪುರದಲ್ಲಿ ಕಲಾ ಪ್ರದರ್ಶನ, ಎಲ್ಲರೂ ನೋಡಿ ಬನ್ನಿ ಎಂದು ಯಾರೋ ಬರೆದಿದ್ದರು. ಹಳೆಯ ಹತ್ತಿ ಗೋದಾಮಿನ ನಟ್ಟನಡುವೆ ನಮ್ಮ ತೊಟ್ಟಿಲನ್ನು ತೂಗುಹಾಕಿದ್ದರು. ಅದರ ಪಟ್ಟಿಯ ಮೇಲೆ ಕೆತ್ತಿದ, ಕೊಕ್ಕು ಮುರಿದ ಗಿಳಿಯನ್ನು ನಮ್ಮ ಓಣಿಯಲ್ಲಿ ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ಗಂಡ ಹವಳಗಾದ ಕಾರ್ಖಾನೆಯಲ್ಲಿ. ಕಬ್ಬಿನ ಹಂಗಾಮು, ರಜೆ ಇಲ್ಲ. ಅತ್ತೆ ಬೇಡ ಬೇಡ ಅಂದರೂ ಕೇಳದೆ ರವಿವಾರ ಒಬ್ಬಳೇ ಬಸ್ ಹತ್ತಿದೆ.

ಗೋದಾಮಿನಲ್ಲಿ ಕಾಲಿಡುತ್ತಲೇ ನಿಂತುಬಿಟ್ಟೆ. ಫೋಟೋದಲ್ಲಿ ಕಾಣದ್ದು ಅಲ್ಲಿ ಕಂಡಿತು. ಮೇಲಿನ ತೊಲೆಗೆ ಮೋಟಾರು ಕೂಡಿಸಿದ್ದ. ಅದು ಗರ್ ಅನ್ನುತ್ತ ಖಾಲಿ ತೊಟ್ಟಿಲನ್ನು ಅತ್ತಿಂದಿತ್ತ ತೂಗುತ್ತಿತ್ತು. ಖಾಲಾ ಹಾಸಿ ಕೊಟ್ಟ ಕೌದಿ ಮೂಲೆಯಲ್ಲಿ ಗ್ರೀಸು ಮೆತ್ತಿಕೊಂಡು ಬಿದ್ದಿತ್ತು. ಗೋಡೆಗೆ ಒಂದು ಚೀಟಿ: 'ಗೈರುಹಾಜರಿ. ಸಿಕ್ಕ ವಸ್ತು, ಮೋಟಾರು, ಹಗ್ಗ.' ಗೈರುಹಾಜರಿ ಹಾಕುವುದು ನನ್ನ ಕೆಲಸ, ಇವನಿಗೆ ಯಾರು ಕೊಟ್ಟರು ಆ ಅಧಿಕಾರವನ್ನು? ಮತ್ತೆ ಸಿಕ್ಕ ವಸ್ತುವಂತೆ! ಬೀದಿಯಲ್ಲಿ ಬಿದ್ದಿತ್ತೇ? ಮುದುಕಿಯ ಕೈಯಿಂದ ಇಸಿದುಕೊಂಡು ಒಯ್ದವನು!

"ಇದನ್ನ ಮೊದಲ ನಿಲ್ಲಸ್ರಿ," ಅಂದೆ, ಅಲ್ಲೇ ನಿಂತಿದ್ದ ಆ ಕಲಾವಿದನಿಗೆ. "ಖಾಲಿ ತೊಟ್ಟಿಲಾ ತೂಗಬಾರದು ಅಂತ ನಿಮ್ಮವ್ವ ನಿಮಗ ಹೇಳಿಲ್ಲೇನು?"

ಅವನ ಮುಖ ಅರಳಿತು. "ಹೇಳ್ಯಾಳ್ರಿ ಮೇಡಂ. ಅದಕ್ಕಽ ತೂಗಾಕತ್ತೇನಿ. ನೋಡಿದವರ ಎದಿ ಝಲ್ ಅನಬೇಕು. ನಿಮಗ ಅಂತು ನೋಡ್ರಿ, ಅದಽ ನನ್ನ ಕೆಲಸ."

ಗೊತ್ತಿಲ್ಲದೆ ಮಾಡಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಅವನಿಗೆ ಗೊತ್ತಿತ್ತು.

"ಯಾರಿಗಿ ಅಂತ ಖಾಲಾ ಕೇಳಂಗಿಲ್ಲ ಅನ್ನೂದೂ ಗೊತ್ತಿತ್ತೇನು?"

"ನಮ್ಮ ಕಡಿನೂ ಯಾರೂ ಕೇಳಂಗಿಲ್ರಿ," ಅಂದ. ಒಂದಿಷ್ಟೂ ನಾಚಿಕೆ ಇಲ್ಲ. ಆಮೇಲೆ ಅವನ ಕಣ್ಣು ನನ್ನ ಹೊಟ್ಟೆಯ ಮೇಲೆ ಬಿತ್ತು. "ಮೇಡಂ, ಸಿಟ್ಟಾಗಬ್ಯಾಡ್ರಿ, ಅದರ ಬಾಜೂಕ ಒಂದು ಗಳಿಗಿ ನಿಂದರ್ರಿ. ಒಂದಽ ಒಂದು ಫೋಟೋ ತಗೋತೇನಿ."

ಗೋಡೆಯ ಹತ್ತಿರ ಹೋಗಿ ವೈರು ಕಿತ್ತು ಎಸೆದೆ. "ಹಾಳಾಗಿ ಹೋಗು, ನಿನ್ನ ಕಲೆಗೆ ಬೆಂಕಿ ಬೀಳ!" ಎಂದು ಜನರೆದುರೇ ಕೂಗಿದೆ. ಮೋಟಾರು ನಿಂತರೂ ತೊಟ್ಟಿಲು ಇನ್ನೂ ಸ್ವಲ್ಪ ಹೊತ್ತು ತೂಗುತ್ತಲೇ ಇತ್ತು. ಅದನ್ನು ಬಿಚ್ಚಿಸಿ ಟೆಂಪೋದಲ್ಲಿ ಹಾಕಿಸುವ ತನಕ ನಾನು ಅಲ್ಲಿಂದ ಕದಲಲಿಲ್ಲ.

ಮನೆಗೆ ತಂದರೆ ಅತ್ತೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊರಗಿನ ಕಟ್ಟೆಯ ಮೇಲೆಯೇ ಇಡಿಸಿದರು. ಎಷ್ಟೋ ಹೊತ್ತು ಖಾಲಿ ತೂಗಿದ್ದು, ಹೊಸ ಕೂಸನ್ನು ಅದರಲ್ಲಿ ಹ್ಯಾಗೆ ಹಾಕುವುದು? ಓಣಿಯ ಹೆಂಗಸರೂ ಅದನ್ನೇ ಅಂದರು. ಖಾಲಾ ಮಾತ್ರ ದಿನಾ ಬಂದು ಅದನ್ನು ಒರೆಸಿ, ಎಣ್ಣೆ ಹಚ್ಚಿ ಹೋಗುತ್ತಿದ್ದರು. ನಾನು ಅವರಿಗೆ ಮಾತು ಕೊಟ್ಟೆ: "ನನ್ನ ಕೂಸಿಗಿ ಇದಽ ತೊಟ್ಟಿಲಾ, ಖಾಲಾ. ಯಾರು ಏನರೆ ಅನ್ನಲಿ."

ಮಗಳು ಹುಟ್ಟಿದಳು. ಗಟ್ಟಿಮುಟ್ಟಾಗಿ, ಇಡೀ ವಾರ್ಡು ಎದ್ದು ಕೂರುವ ಹಾಗೆ ಅತ್ತಳು. ಹೆಸರಿಡುವ ದಿನ ಅತ್ತೆ ಕಲಬುರಗಿಯಿಂದ ಸ್ಟೀಲಿನ ತೊಟ್ಟಿಲು ತರಿಸಿದ್ದರು. ನಾನು ಹಟ ಹಿಡಿದು ಹಳೆಯದನ್ನೇ ಒಳಗೆ ತರಿಸಿ, ಹೂ ಕಟ್ಟಿಸಿದೆ. ಹೆಂಗಸರೆಲ್ಲ ಗೋಡೆಗೆ ಸರಿದು ನಿಂತರು. ಖಾಲಾ ಬಾಗಿಲ ಬಳಿ ಸೆರಗು ಹಿಡಿದು ನೋಡುತ್ತಿದ್ದರು.

ಕೂಸನ್ನು ಎತ್ತಿಕೊಂಡು ಬಗ್ಗಿದೆ. ಕಿವಿಯಲ್ಲಿ ಆ ಮೋಟಾರು ಗರ್ ಅಂದಿತು. ಅದರಲ್ಲಿ ಏನೂ ಇಲ್ಲ, ಬರೀ ಕಟ್ಟಿಗೆ ಎಂದು ನನಗೆ ಗೊತ್ತು. ದಿನಾ ಮಕ್ಕಳಿಗೆ ಅದನ್ನೇ ಹೇಳಿಕೊಡುವವಳು ನಾನು. ಆದರೂ ಕೈ ಕೆಳಗಿಳಿಯಲಿಲ್ಲ. ಮಗಳನ್ನು ಎದೆಗವಚಿಕೊಂಡು ತಿರುಗಿ, ಸ್ಟೀಲಿನ ತೊಟ್ಟಿಲಲ್ಲಿ ಮಲಗಿಸಿದೆ. ನನ್ನೊಳಗೆ ಇಲ್ಲದ ಭಯವನ್ನು ತಂದು ತುಂಬಿದವನು ಅವನು. ಅವನ ಕಲೆ ಗೆದ್ದಿತು ಅಂತ ಬೇಕಾದರೆ ಬರೆದುಕೊಳ್ಳಲಿ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಖಾಲಾ ನನ್ನ ಹತ್ತಿರ ಬಂದು ಕೂತರು. ಕೂಸಿನ ಕೈಯಲ್ಲಿ ತಮ್ಮ ಬೆರಳು ಕೊಟ್ಟರು.

"ನಾ ಆವತ್ತ ಅವನಿಗಿ ಯಾರಿಗಿ ಅಂತ ಕೇಳಬೇಕಿತ್ತು, ಹೌದಿಲ್ಲೋ ಬೇಟಿ?"

ಇಲ್ಲ ಖಾಲಾ, ನಿಮ್ಮದೇನೂ ತಪ್ಪಿಲ್ಲ ಅನ್ನಲು ಬಾಯಿ ತೆರೆದೆ. ಅವರ ಕಣ್ಣು ಮೂಲೆಯ ಹಳೆಯ ತೊಟ್ಟಿಲ ಮೇಲಿತ್ತು. ಅವರಿಗೆ ಕೊಟ್ಟ ಮಾತನ್ನೇ ಮುರಿದವಳು ನಾನು, ಅದನ್ನು ಯಾವ ಮುಖ ಇಟ್ಟುಕೊಂಡು ಹೇಳಲಿ?