ಹಠಮ್ಮ ತಟ್ಟಿ ನೋಡಿದ ಗೋಡೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳು ಅವಳು. ಒಮ್ಮೆ ಮೇಲಧಿಕಾರಿ ಚೆನ್ನಾಗಿ ಓಡುತ್ತಿದ್ದ ಯಂತ್ರವನ್ನು ಗುಜರಿಗೆ ಹಾಕಹೊರಟಾಗ, ಅದರ ಮುಂದೆ ಸ್ಟೂಲು ಎಳೆದುಕೊಂಡು ಸಂಜೆಯವರೆಗೂ ಕೂತುಬಿಟ್ಟಿದ್ದಳು. ಅಂದಿನಿಂದ ಅವಳು ಹಠಮ್ಮ. ಹಿಂದಿನಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು. ಎದುರಿಗೆ ಕರೆಯುವ ಧೈರ್ಯ ತಮ್ಮನೊಬ್ಬನಿಗೇ.

ಅಕ್ಕ ತಮ್ಮ ಇಬ್ಬರದೂ ಒಂದೇ ಮನೆ, ನಡುವೆ ಗೋಡೆ ಎದ್ದು ಎರಡಾಗಿತ್ತು. ಎಡಭಾಗ ಅವಳದು, ಬಲಭಾಗ ತಮ್ಮನ ಸಂಸಾರದ್ದು. ಹೊರಗಿನ ಸುಣ್ಣದ ಗಾರೆ ಮಾತ್ರ ಎರಡಕ್ಕೂ ಒಂದೇ. ಅರವತ್ತು ವರ್ಷ ಹಳೆಯದು. ಆ ವರ್ಷದ ಮಳೆ ಮುಗಿದಾಗ ಅವಳ ಕಿಟಕಿಯ ಕೆಳಗೆ ಗಾರೆ ಹೊಟ್ಟೆ ಬಿಟ್ಟುಕೊಂಡು ಉಬ್ಬಿತ್ತು.

ತಮ್ಮ ಕಂಟ್ರಾಕ್ಟರನ್ನು ಕರೆತಂದ. ಆತ ಬೀದಿಯ ಆಚೆ ಬದಿಯಲ್ಲೇ ನಿಂತು ತಲೆಯೆತ್ತಿ ನೋಡಿ, ಗಾರೆ ಪೂರ್ತಿ ಸತ್ತಿದೆ, ಇಟ್ಟಿಗೆ ಕಾಣುವವರೆಗೆ ಕಿತ್ತು ಹೊಸದಾಗಿ ಸಿಮೆಂಟ್ ಪ್ಲಾಸ್ಟರ್ ಮಾಡಬೇಕು ಎಂದ. ತಮ್ಮ ಒಪ್ಪಿದ. ಹಠಮ್ಮ ಒಪ್ಪಲಿಲ್ಲ.

"ನಂದು ಹೊಸದಾಗಿ, ನಿಂದು ಹಾಗೇ ಇದ್ರೆ, ಅರ್ಧ ಕ್ಷೌರ ಮಾಡಿದ ಮುಖದ ಥರ ಕಾಣುತ್ತೆ ಅಕ್ಕ," ಎಂದ ತಮ್ಮ.

"ಕಾಣ್ಲಿ ಬಿಡು. ನಾನು ಮುಟ್ಟಿ ನೋಡೋವರೆಗೂ ಒಂದು ಚೂರೂ ಕೀಳೋಕೆ ಬಿಡಲ್ಲ."

ಮರುದಿನ ಬೆಳಿಗ್ಗೆ ಏಣಿ ಹಾಕಿದಳು. ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆಯನ್ನು ಗೇಣು ಗೇಣಾಗಿ ತಟ್ಟುತ್ತಾ ಹೋದಳು. ಗಟ್ಟಿ ಇದ್ದ ಕಡೆ ಸದ್ದು ಕೈಗೇ ತಿರುಗಿ ಬರುತ್ತಿತ್ತು. ಟೊಳ್ಳಿದ್ದ ಕಡೆ ಡಬಡಬ ಎನ್ನುತ್ತಿತ್ತು. ಟೊಳ್ಳಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಳು. ಎದುರುಮನೆಯಾಕೆ, ಇಷ್ಟು ತಟ್ಟಿದ್ದಕ್ಕೆ ಒಳಗಿನಿಂದ ಯಾರಾದರೂ ಬಾಗಿಲು ತೆಗೆದರೇ ಎಂದು ವಿಚಾರಿಸಿಕೊಂಡು ಹೋದಳು. ತಮ್ಮನ ಹೆಂಡತಿ ಬೈಯುತ್ತಲೇ ಏಣಿ ಹಿಡಿದುಕೊಂಡಳು. ಮೂರು ದಿನದಲ್ಲಿ ಮಂಡಿ ಊದಿಕೊಂಡಿತು, ಆದರೆ ಲೆಕ್ಕ ಸಿಕ್ಕಿತು: ಕಿಟಕಿಯ ಕೆಳಗಿನ ಭಾಗ, ಬುಡದಲ್ಲಿ ಒಂದು ಪಟ್ಟಿ, ಇಷ್ಟೇ ಟೊಳ್ಳು. ಉಳಿದದ್ದೆಲ್ಲ ಗಟ್ಟಿ.

ಕಂಟ್ರಾಕ್ಟರು ಆಳುಗಳೊಂದಿಗೆ ಬಂದಾಗ ಅವನ ಕೈಗೇ ಸುತ್ತಿಗೆ ಕೊಟ್ಟಳು.

"ಗೆರೆಯಿಂದ ಆಚೆ ಎಲ್ಲಾದ್ರೂ ಹೊಡೀರಿ. ಉದುರಿದ್ರೆ ಇಡೀ ಗೋಡೆ ಕಿತ್ಕೊಳ್ಳಿ."

ಮೂರು ಕಡೆ ಹೊಡೆದ. ಗುಳಿ ಬಿತ್ತೇ ಹೊರತು ಗಾರೆ ಕದಲಲಿಲ್ಲ. ಗೆರೆಯೊಳಗೆ ಒಂದೇ ಏಟಿಗೆ ದೊಡ್ಡ ಚಕ್ಕೆ ಕಳಚಿ ಬಿತ್ತು. ಹಿಂದಿನ ಇಟ್ಟಿಗೆ ಒದ್ದೆಯಾಗಿ ಕಪ್ಪಿಟ್ಟಿತ್ತು. ಬಿದ್ದ ಚಕ್ಕೆಯ ಮೇಲ್ಪದರ ಬೂದುಬಣ್ಣದ ಸಿಮೆಂಟು. ಹಠಮ್ಮನ ಮುಖ ಇಳಿದುಹೋಯಿತು.

"ಇದು ನಾನೇ ಮಾಡಿಸಿದ್ದು," ಎಂದಳು ಎಲ್ಲರ ಎದುರಿಗೇ. "ಹನ್ನೊಂದು ವರ್ಷದ ಹಿಂದೆ ಬಿರುಕು ಬಿಟ್ಟಿತ್ತು. ಸುಣ್ಣದ ಗೋಡೆಗೆ ಸಿಮೆಂಟು ಬೇಡ ಅಂತ ಮೇಸ್ತ್ರಿ ಬಡ್ಕೊಂಡ. ನಾನು ಕೇಳ್ಲಿಲ್ಲ. ಒಳಗಿನ ಪಸೆ ಆರೋಕೆ ದಾರಿನೇ ಇಲ್ದಂಗಾಯ್ತು."

ಹಾಗಾದರೆ ತೇಪೆ ಕೆಲಸಕ್ಕೆ ತಾನು ಗ್ಯಾರಂಟಿ ಕೊಡುವುದಿಲ್ಲ ಎಂದ ಕಂಟ್ರಾಕ್ಟರು.

"ಗ್ಯಾರಂಟಿ ಯಾರು ಕೇಳಿದ್ರು? ನಾನು ತಪ್ಪು ಮಾಡಿದ್ದು ಅಷ್ಟಗಲ. ಅದಕ್ಕೆ ಇಡೀ ಗೋಡೆ ಯಾಕೆ ಏಟು ತಿನ್ಬೇಕು?"

ಆತ ಆಳುಗಳನ್ನು ಕರೆದುಕೊಂಡು ತಮ್ಮನ ಭಾಗಕ್ಕೆ ಹೋದ. ಅಲ್ಲಿ ಎರಡು ದಿನ ಉಳಿಯ ಸದ್ದು. ಗಟ್ಟಿ ಗಾರೆ ಸುಲಭಕ್ಕೆ ಬಿಡಲಿಲ್ಲ; ಬಿಟ್ಟಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಬಂತು. ಕಾಲುಭಾಗ ಕೀಳುವಷ್ಟರಲ್ಲಿ ತಮ್ಮ ಕೆಲಸ ನಿಲ್ಲಿಸಿದ. ತಲೆಯೆಲ್ಲ ಧೂಳಾಗಿ ಅಕ್ಕನ ಬಾಗಿಲಿಗೆ ಬಂದು ಏಣಿ ಕೇಳಿದ. ಹಠಮ್ಮ ಕೊಟ್ಟಳು, ನಾಲ್ಕು ಮಾತು ಬೈದೇ ಕೊಟ್ಟಳು.

ಹಳೆಯ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗಿ, ಅಂದು ನಿಮ್ಮ ಮಾತು ಕೇಳಬೇಕಿತ್ತು ಎಂದು ಒಪ್ಪಿಕೊಂಡಳು. ಮುದುಕ ನಕ್ಕು ಕರಣೆ ತೆಗೆದುಕೊಂಡು ಬಂದ. ಕಿತ್ತ ಕಡೆಯೆಲ್ಲ ಸುಣ್ಣದ ಗಾರೆಯನ್ನು ತೆಳುವಾಗಿ ಪದರ ಪದರವಾಗಿ ಬಳಿದ. ಅದು ಬೇಗ ಒಣಗಿ ಬಿರಿಯದಂತೆ ಅವಳು ವಾರಗಟ್ಟಲೆ ಒದ್ದೆ ಗೋಣಿ ಹೊದಿಸಿ ಕಾದಳು.

ಮುಂದಿನ ಮಳೆಗೆ ಕಿಟಕಿಯ ಕೆಳಗಿನ ಒಳಗೋಡೆ ಒಣಗಿಯೇ ಉಳಿಯಿತು. ಬುಡದಲ್ಲಿ ಒಂದು ಮೊಳದಷ್ಟು ಗಾರೆ ಮತ್ತೆ ಬಿಟ್ಟುಕೊಂಡಿತು. ಅದನ್ನು ಕೀಳಿಸಿ ಮತ್ತೆ ಬಳಿಸಿದಳು. ಹೊಸ ತೇಪೆಗಳು ಬೆಳ್ಳಗೆ ಎದ್ದು ಕಾಣುತ್ತವೆ. ಬಣ್ಣ ಯಾವಾಗ ಹೊಡೆಸುತ್ತೀರಿ ಎಂದು ದಾರಿಹೋಕರು ಕೇಳುತ್ತಲೇ ಇರುತ್ತಾರೆ.

"ಹೊಡೆಸಲ್ಲ," ಎನ್ನುತ್ತಾಳೆ ಹಠಮ್ಮ. "ನೋಡೋಕಾಗದವರು ಆ ಕಡೆ ಮುಖ ತಿರುಗಿಸ್ಕೊಂಡು ಹೋಗ್ಲಿ."