ನಾಲ್ಕು ಎಣಿಸುವಷ್ಟು ಹೊತ್ತು

ಮಲೇಷ್ಯಾದ ಮೆಲಾಕಾದಲ್ಲಿ ನಮ್ಮ ಪಕ್ಕದ ಮನೆಯವರು ಫ್ರಾನ್ಸಿನಲ್ಲಿ ಹಾಸ್ಯಚಿತ್ರಗಳನ್ನು ನಿರ್ದೇಶಿಸಿದವರು. ಹರೆಯದಲ್ಲಿ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಸೆಟ್ ಕಟ್ಟುವ ಬಡಗಿಯಾಗಿದ್ದರು. ಒಮ್ಮೆ ನಟನೊಬ್ಬ ಮೆಟ್ಟಿಲಿನಿಂದ ಬೀಳಲು ಹೆದರಿದಾಗ, ತಾನೇ ಕಟ್ಟಿದ ಮೆಟ್ಟಿಲೆಂಬ ಧೈರ್ಯದಿಂದ ಇವರೇ ಉರುಳಿ ತೋರಿಸಿದರಂತೆ. ಅಲ್ಲಿಂದ ಸಿನಿಮಾ ಮಾಡುವವರಾದರು. ಜನ ನಕ್ಕರು, ಪತ್ರಿಕೆಗಳು ಮೂಗು ಮುರಿದವು. ಕೊನೆಯ ಚಿತ್ರಕ್ಕೆ ಜನರೂ ನಗಲಿಲ್ಲ. ಆಮೇಲೆ ಯಾರೂ ಕರೆಯದಾದಾಗ ಹೆಂಡತಿಯ ಊರಿಗೆ ಬಂದು ನೆಲೆಸಿದರು. ಆಕೆ ಇಲ್ಲಿನ ತಮಿಳರು, ನಿವೃತ್ತ ನರ್ಸ್.

"ಬೀಳೋದರಲ್ಲಿ ನಗು ಇಲ್ಲ ಡಾಕ್ಟರ್, ಏಳೋದರಲ್ಲಿದೆ" ಎಂದು ನನಗೆ ಹೇಳುತ್ತಿದ್ದರು. ಬಿದ್ದವನು ನಾಲ್ಕು ಎಣಿಸುವವರೆಗೆ ಅಲುಗಬಾರದು. ಆಮೇಲೆ ಎದ್ದು, ಏನೂ ಆಗದವನಂತೆ ಟೋಪಿ ಸರಿಪಡಿಸಿಕೊಳ್ಳಬೇಕು. ನಟರಿಗೆ ಹೇಳುವ ಮುಂಚೆ ತಾವೇ ಬಿದ್ದು ನೋಡುತ್ತಿದ್ದರು. ಎಪ್ಪತ್ತು ದಾಟಿದರೂ ಆ ಚಾಳಿ ಹೋಗಿರಲಿಲ್ಲ. ಭಾನುವಾರ ಬೆಳಿಗ್ಗೆ ಬೀದಿಯ ಕೊನೆಯ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಚಹಾ ಹೋಟೆಲಿನಲ್ಲಿ, ರೊಟ್ಟಿ ತಿನ್ನುವಾಗ ಕುರ್ಚಿಯಿಂದ ಒಮ್ಮೆ ಜಾರಿ ಬೀಳುವರು. ಚಹಾದವನು ಮಲಯ ಭಾಷೆಯಲ್ಲಿ "ಸತು, ದುವಾ, ತಿಗಾ, ಅಂಪತ್" ಎಂದು ಕೂಗಿ ಎಣಿಸುವನು. ನಾಲ್ಕಕ್ಕೆ ಸರಿಯಾಗಿ ಏಳುವರು. ಅಂಗಡಿಯೆಲ್ಲ ನಗುವುದು.

ಕಳೆದ ವರ್ಷ ಒಂದು ಭಾನುವಾರವೂ ಬಿದ್ದರು. ಯಾವಾಗಲೂ ಬಲಕ್ಕೆ ಬೀಳುವವರು ಅಂದು ಎಡಕ್ಕೆ ಬಿದ್ದರು. ಅದನ್ನು ನಾನು ನೋಡಿದೆ. ನೋಡಿಯೂ ನಕ್ಕೆ. ಎಣಿಕೆ ನಾಲ್ಕು ದಾಟಿತು.

"ಸಾಕು ಲಾ ಅಂಕಲ್, ರೊಟ್ಟಿ ಆರಿಹೋಗುತ್ತೆ!" ಎಂದ ಚಹಾದವನು, ಊರಿನವರ ವಾಡಿಕೆಯ 'ಲಾ' ಸೇರಿಸಿ.

ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ನನ್ನ ತೋಳು ಹಿಡಿದಳು. "ಎಂತ ನಗುವುದು ಮಾರಾಯ್ರೆ? ಅವ್ರ ಬಾಯಿ ನೋಡಿ!"

ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಪಾರ್ಶ್ವವಾಯು. ವೈದ್ಯಕೀಯ ಕಾಲೇಜಿನಲ್ಲಿ ಮೆದುಳಿನ ಪಾಠ ಹೇಳುವವನು ನಾನು.

ಜೀವ ಉಳಿಯಿತು. ಮತ್ತೆ ಎದ್ದು ನಿಲ್ಲುವರೋ ಇಲ್ಲವೋ, ಯಾರೂ ಹೇಳಲಿಲ್ಲ. ನಾನು ನಕ್ಕ ಹೊತ್ತು ಹತ್ತು ಸೆಕೆಂಡಿಗಿಂತ ಹೆಚ್ಚಲ್ಲ. ಗಡಿಯಾರ ನೋಡುತ್ತಾ ಹಲವು ಸಲ ಎಣಿಸಿದ್ದೇನೆ. ಅಷ್ಟರಿಂದ ಏನೂ ಕೆಡಲಿಲ್ಲವೆಂದು ಗೊತ್ತು. ಆದರೂ ಎಣಿಸುತ್ತೇನೆ.

ಮೂರನೆಯ ವಾರ, ಅವರನ್ನು ಮೊದಲ ಬಾರಿ ನಿಲ್ಲಿಸಿ ನೋಡುವ ದಿನ, ಆಸ್ಪತ್ರೆಯಲ್ಲಿ ಕಂಬಿಯ ಮುಂದೆ ಕುರ್ಚಿಯಲ್ಲಿ ಕುಳಿತಿದ್ದ ಅವರ ಹತ್ತಿರ ಹೋಗಿ ಹೇಳಿದೆ: "ಅವತ್ತು ನೀವು ಬಿದ್ದಾಗ ನಾನು ನಕ್ಕೆ."

ಅವರು ತೊದಲುತ್ತಾ ಕೇಳಿದರು: "ಜೋರಾಗಿ?"

"ಜೋರಾಗಿಯೇ."

ಬಲಗೈಯ ನಾಲ್ಕು ಬೆರಳು ಎತ್ತಿ ತೋರಿಸಿದರು. ಎಣಿಸಬೇಕಂತೆ. ಎಣಿಸಿದೆ. ನಾಲ್ಕಾಯಿತು, ಹತ್ತಾಯಿತು. ಬಲಗೈಯಲ್ಲಿ ಕಂಬಿ ಹಿಡಿದು ಮೈಯನ್ನು ಮೇಲಕ್ಕೆಳೆದರು. ಹತ್ತೊಂಬತ್ತಕ್ಕೆ ಎದ್ದು ನಿಂತರು. ಕಂಬಿ ಬಿಟ್ಟು, ತಲೆಯ ಮೇಲಿಲ್ಲದ ಟೋಪಿಯನ್ನು ಸರಿಪಡಿಸಿಕೊಂಡು ನನ್ನನ್ನೇ ನೋಡಿದರು.

"ನಗಿ ಲಾ ಡಾಕ್ಟರ್," ಎಂದರು ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ, "ಕಾಯ್ತಾ ಇದ್ದಾರೆ."

ನಕ್ಕೆ. ಅದು ಚೆನ್ನಾಗಿ ಬರಲಿಲ್ಲ. ಅವರು ನನ್ನ ಮುಖವನ್ನು ಪರೀಕ್ಷಿಸಿ, ಸಾಲದೆಂಬಂತೆ ತಲೆಯಾಡಿಸಿ, "ಇನ್ನೊಮ್ಮೆ" ಎಂದು ಮತ್ತೆ ಕುರ್ಚಿಯಲ್ಲಿ ಕುಳಿತರು.