ಕುಂಟು ಕರಡಿಯ ಆರು ಆಟಗಳು

೧೯೪೬ ಫೆಬ್ರವರಿ ೯, ಶನಿವಾರ, ಸಂಜೆ ಆರೂ ಮುಕ್ಕಾಲು. ಮಂಡ್ಯದ ಟೆಂಟ್ ಸಿನಿಮಾದಲ್ಲಿ ಹಾಡಿನ ಪ್ಲೇಟು ನಿಂತು ದೀಪ ಆರಿದ ಹೊತ್ತು ಇದು. ನನ್ನ ನೋಟುಬುಕ್ಕಿನಲ್ಲಿ ಹೀಗೇ ಇದೆ. ನನಗಾಗ ಹದಿನೈದು ವರ್ಷ. ಹೆಂಗಸರ ಕಡೆ, ಮರಳಿನ ಮೇಲೆ, ಅಜ್ಜಿಯ ಪಕ್ಕ ಕೂತಿದ್ದೆ. ಪರದೆಯ ಮೇಲೆ ಪೊದೆ ಸೀಳಿಕೊಂಡು ನರಭಕ್ಷಕ ಕರಡಿ ಬಂತು. ಇಡೀ ಟೆಂಟು ಚೀರಿತು. ಅಜ್ಜಿ ನನ್ನ ತೊಡೆ ಹಿಡಿದ ರಭಸಕ್ಕೆ ಐದು ಬೆರಳಿನ ಗುರುತು ಸೋಮವಾರದವರೆಗೂ ಇತ್ತು.

ಮಾತೆಲ್ಲ ತಮಿಳು. ನಮಗೆ ಒಂದಕ್ಷರ ತಿಳಿಯದು. ಅದರಿಂದ ತೊಂದರೆಯೇನೂ ಆಗಲಿಲ್ಲ, ಯಾಕೆಂದರೆ ಕರಡಿ ಯಾರಿಗೂ ಮಾತು ಮುಗಿಸಲು ಬಿಡುತ್ತಿರಲಿಲ್ಲ.

ಮೊದಲ ಆಟದ ಲೆಕ್ಕ: ಸತ್ತವರು ಏಳು. ಎರಡನೆಯ ಆಟದಲ್ಲಿ ತಿದ್ದಿದೆ. ಮೂರನೆಯವನಾಗಿ ಸತ್ತವನೇ ಮೀಸೆ ಅಂಟಿಸಿಕೊಂಡು ಬಂದು ಮತ್ತೆ ಸತ್ತಿದ್ದ. ಹಾಗಾಗಿ ಆರು. ಒಂದೇ ಬಂಡೆ ನಾಲ್ಕು ಕಾಡುಗಳಲ್ಲಿತ್ತು. ಕರಡಿಯ ಬೆನ್ನಿನ ಮೇಲೆ ಗೋಣಿಚೀಲದ ಬಾಯಿ ಹೊಲಿದಂಥ ದಪ್ಪ ಹೊಲಿಗೆ! ನನ್ನ ಖುಷಿಗೆ ಮಿತಿಯಿರಲಿಲ್ಲ. ಹೊಲಿಗೆ ಕಂಡರೂ ಚೀರು ತಾನಾಗಿ ಬರುತ್ತಿತ್ತು, ಚೀರಿನ ಹಿಂದೆಯೇ ನಗು. ನಿಜವಾದ ಕರಡಿಯಾಗಿದ್ದರೆ ಒಂದು ಸಲ ಹೆದರಿ ಮನೆಯಲ್ಲೇ ಉಳಿಯುತ್ತಿದ್ದೆ.

ಆದರೆ ಹೊಲಿಗೆಯ ವಿಷಯ ಅಜ್ಜಿಗೆ ಹೇಳುವಂತಿರಲಿಲ್ಲ. ಅಜ್ಜಿ ಜೊತೆಗಿದ್ದರೆ ಮಾತ್ರ ಸಿನಿಮಾ ಎಂಬುದು ಅಪ್ಪನ ಕಟ್ಟಳೆ. ಇದು ಸುಳ್ಳು ಕರಡಿ ಎಂದು ಅವಳಿಗೆ ಬೇಸರ ಬಂದರೆ ನನ್ನ ಆಟಗಳೂ ಮುಗಿದಂತೆಯೇ.

ಅಜ್ಜಿ ಎತ್ತಿನ ನಡಿಗೆ ನೋಡಿ ಕಾಯಿಲೆ ಹೇಳುವವಳು. ಅವಳ ಊರಿನವರು ಎತ್ತು ಕೊಳ್ಳುವ ಮೊದಲು ಅವಳ ಮುಂದೆ ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಕರಡಿಯನ್ನೂ ಹಾಗೆಯೇ ನೋಡಿದಳು, ಕಣ್ಣೆಲ್ಲ ಕಾಲಿನ ಮೇಲೆ.

"ಎಡಗಾಲು ಎಳೀತದೆ ನೋಡವ್ವ. ಒಳಗೆ ಮುಳ್ಳು ಕೂತದೆ. ಆ ನೋವಿಗೇ ಮನುಸ್ರ ಮ್ಯಾಲೆ ಬೀಳ್ತಿರಾದು."

"ಹಂಗಾರೆ ಓಗಿ ಮುಳ್ಳು ತಗೀಬಾರ್ದಾ?" ಎಂದಳು ಪಕ್ಕದಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಹೆಂಗಸು.

"ನೀನು ಬಾಯಿ ಇಡ್ಕೊ, ನಾನು ಕಾಲು ಇಡ್ಕೋತೀನಿ" ಎಂದಳು ಅಜ್ಜಿ.

ಕರಡಿ ಹೊಳೆಯಿಂದ ಮೇಲೇಳುವ ಕಡೆ ನೆನೆದ ಹೊಲಿಗೆ ಬಾಯಿಬಿಟ್ಟು ಒಳಗಿನವನ ಬನಿಯನ್ ಕಾಣುತ್ತಿತ್ತು. ಮೊದಲ ಸಲ ಅಜ್ಜಿ ಹೆದರಿ ಕಣ್ಣು ಮುಚ್ಚಿದ್ದಳು; ಮುಂದಿನ ಎರಡು ಆಟಗಳಲ್ಲೂ ಸರಿಯಾಗಿ ಆ ಹೊತ್ತಿಗೆ "ಅಜ್ಜಿ, ಇರುವೆ!" ಎಂದು ಅವಳ ತಲೆ ಬಗ್ಗಿಸಿದ್ದೆ. ನಾಲ್ಕನೆಯ ಸಲ ನಾನೇ ಚೀರುವ ಸಡಗರದಲ್ಲಿ ಮರೆತೆ. ತೊಡೆಯ ಮೇಲಿನ ಹಿಡಿತ ಸಡಿಲವಾಯಿತು.

ಮನೆಯ ದಾರಿಯಲ್ಲಿ, ರೈಲ್ವೆ ಗೇಟಿನ ಹತ್ತಿರ ಅಜ್ಜಿ ನಿಂತಳು.

"ಅದು ಕರಡಿ ಅಲ್ಲ ಕಣವ್ವ."

"ಅಲ್ವಾ ಅಜ್ಜಿ?"

"ಬುಡು, ನಾಟಕ ಆಡ್ಬೇಡ. ಇರುವೆಯಂತೆ ಇರುವೆ! ಒಳಗೆ ಆಳು ಅವ್ನೆ."

ಇನ್ನು ಮುಗಿಯಿತು ಎಂದುಕೊಂಡೆ. ನಾಲ್ಕಕ್ಕೇ ಗೆರೆ ಎಳೆಯಬೇಕು.

"ಆದ್ರೆ ಆ ಕುಂಟು ಸುಳ್ಳಲ್ಲ" ಎಂದಳು. "ಕರಡಿ ಸತ್ತು ಬಿದ್ದಾಗ್ಲೂ ಕಾಲು ನೆಟ್ಟಗೆ ಚಾಚ್ನಿಲ್ಲ ಅವ್ನು. ಪಾಪ, ಆ ಕೂದ್ಲೊಳಗೆ ಎಷ್ಟು ಬೆವೀತಿದ್ನೋ. ನಾಳೆ ಒಸಿ ಮುಂದೆ ಕೂತ್ಕಂಡು ನೋಡನ."

ನಾನು ರಸ್ತೆಯಲ್ಲೇ ಕುಣಿದೆ.

ಐದನೆಯ ಆಟ ಪರದೆಯ ಬುಡದಲ್ಲಿ. ಆಮೇಲೆ ಟೆಂಟು ಮಳವಳ್ಳಿಗೆ ಹೋಯಿತು. ಅಜ್ಜಿಗೆ ತಕ್ಷಣ ಅಲ್ಲಿರುವ ತಂಗಿಯ ನೆನಪಾಯಿತು. ಆರನೆಯ ಆಟ ಅಲ್ಲಿ. ಕರಡಿ ಬಂದಾಗಲೆಲ್ಲ ಅಜ್ಜಿ "ಉಸಾರು ಕಣಪ್ಪ, ಕಲ್ಲದೆ" ಎನ್ನುತ್ತಿದ್ದಳು. ನಾಯಕ ಬಂದೂಕು ಎತ್ತಿದಾಗ ಅವನ ವಂಶವನ್ನೇ ಬೈದಳು. ಇಬ್ಬರ ಪಾಲಿನ ಚೀರನ್ನೂ ನಾನೇ ಚೀರಿದೆ: ಒಟ್ಟು ಇಪ್ಪತ್ತಮೂರು.

ಆಟ ಮುಗಿದ ಮೇಲೆ ಅಜ್ಜಿ ಟಿಕೆಟ್ಟಿನವನನ್ನು ಹಿಡಿದಳು. "ಆ ಕರಡಿಯೊಳಗಿನ ಹೈದನ ಊರು ಯಾವ್ದಪ್ಪ?"

"ಪೆಟ್ಟೀಲಿ ಬಂದದ್ದು ರೀಲು ಮಾತ್ರ ಕಣಜ್ಜಿ, ಕರಡಿ ಬರ್ನಿಲ್ಲ!"

ವರ್ಷ ಕಳೆದರೂ ಅಜ್ಜಿ ಕೇಳುವುದನ್ನು ಬಿಟ್ಟಿಲ್ಲ. ನನ್ನ ಪಟ್ಟಿಯಲ್ಲಿ ಅದೊಂದು ಜಾಗ ಖಾಲಿಯಿದೆ. ಎಡಗಾಲು ಎಳೆದು ನಡೆಯುವ, ಹಿಂದೊಮ್ಮೆ ಕರಡಿಯಾಗಿದ್ದ ಮನುಷ್ಯನನ್ನು ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಕಾಲು ಈಗ ಹೇಗಿದೆ ಎಂಬುದನ್ನೂ ತಿಳಿಸಿ. ಅಜ್ಜಿ ಎಣ್ಣೆ ಕಾಯಿಸಿಟ್ಟಿದ್ದಾಳೆ.